ಹೆದ್ದಾರಿ ಅಗಲ ಮಾಡುವ ಮುನ್ನ ಅಕ್ಕಪಕ್ಕದವರನ್ನು ಕೇಳಿ

ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಫ್ರೀವೇ ಎಂಬ ಹೆದ್ದಾರಿಯ ಫೋಟೋ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತದೆ. ಪಕ್ಕದ ಫೀಡರ್ (ಸರ್ವಿಸ್) ರಸ್ತೆಗಳನ್ನೂ ಸೇರಿಸಿ ಎಣಿಸಿದರೆ ಕೆಲವು ಕಡೆ 26 ಲೇನ್. "ರಸ್ತೆ ಅಂದ್ರೆ ಹೀಗಿರಬೇಕು, ನಮ್ಮಲ್ಲಿ ಯಾವಾಗ?" ಎಂದು ಕೆಳಗೊಂದು ಸಾಲು. ಅದೇ ರಸ್ತೆಯಲ್ಲಿ ದಿನಾ ಕೆಲಸಕ್ಕೆ ಹೋಗಿಬರುವವನು ನಾನು. ಕರ್ನಾಟಕದವರು ಇಲ್ಲಿಂದ ತೆಗೆದುಕೊಳ್ಳಬೇಕಾದ್ದು ಖಂಡಿತ ಇದೆ, ಆದರೆ ಆ ಫೋಟೋದಲ್ಲಿ ಅದು ಕಾಣುವುದಿಲ್ಲ.

ಕೇಟಿ ಫ್ರೀವೇ ಅಗಲೀಕರಣ ಮುಗಿದದ್ದು 2008ರಲ್ಲಿ, ಸುಮಾರು 280 ಕೋಟಿ ಡಾಲರ್ ಖರ್ಚಿನಲ್ಲಿ. ಪಕ್ಕದಲ್ಲಿದ್ದ ಹಳೇ ರೈಲು ಮಾರ್ಗದ ಜಾಗವೂ ರಸ್ತೆಗೇ ಹೋಯಿತು. ಶುರುವಿನಲ್ಲಿ ಓಡಾಟ ಸಲೀಸಾಗಿತ್ತು. ಆಮೇಲೆ, ಒಂದು ಕಾಲದಲ್ಲಿ ಭತ್ತ ಬೆಳೆಯುತ್ತಿದ್ದ ಕೇಟಿ ಕಡೆಯ ಬಯಲಿನಲ್ಲಿ ಬಡಾವಣೆಯ ಮೇಲೆ ಬಡಾವಣೆ ಎದ್ದಿತು. ರಸ್ತೆ ಚೆನ್ನಾಗಿದೆ ಎಂದೇ ಜನ ದೂರ ಹೋಗಿ ಮನೆ ಕೊಂಡರು. 2011ರಿಂದ 2014ರೊಳಗೆ ಇಲ್ಲಿ ದಟ್ಟಣೆ ಹೊತ್ತಿನ ಪ್ರಯಾಣದ ಸಮಯ ಬೆಳಿಗ್ಗೆ ಶೇ 30, ಸಂಜೆ ಶೇ 55 ಹೆಚ್ಚಿತು. ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಲೆಕ್ಕ ತೆಗೆದು 2011ರಲ್ಲಿ ತೋರಿಸಿದ್ದೂ ಇದನ್ನೇ: ನಗರದ ಹೆದ್ದಾರಿ ಎಷ್ಟು ಪಾಲು ಹೆಚ್ಚುತ್ತದೋ, ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ.

ಇಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಬೇರೆ. ಇದೇ ಊರಿನ ಐ-45 ಹೆದ್ದಾರಿಯ ಅಗಲೀಕರಣ ಯೋಜನೆಯ ಸಾರ್ವಜನಿಕ ಸಭೆಯೊಂದಕ್ಕೆ ಹೋಗಿದ್ದೆ. ಶಾಲೆಯೊಂದರ ಊಟದ ಹಾಲ್. ಉದ್ದನೆ ಮೇಜುಗಳ ಮೇಲೆ ಆಚೆ ತುದಿಯಿಂದ ಈಚೆ ತುದಿಗೆ ನಕ್ಷೆ ಹಾಸಿದ್ದರು. ಜನ ಬಗ್ಗಿ ಬೆರಳಿಟ್ಟು ತಮ್ಮ ಬೀದಿ, ತಮ್ಮ ಮನೆ ಹುಡುಕುತ್ತಿದ್ದರು. ಮನೆ ಗುರುತಿನ ಗೆರೆಯೊಳಗೆ ಬಂದಿದ್ದರೆ ಅಲ್ಲೇ ನಿಂತಿದ್ದ ಎಂಜಿನಿಯರನ್ನು ಕೇಳಬಹುದು. ಮೂಲೆಯಲ್ಲಿ ಒಬ್ಬರು ಕೂತು, ಬರೆಯಲು ಬಾರದವರ ಮಾತನ್ನು ಕೇಳಿ ಟೈಪ್ ಮಾಡಿಕೊಳ್ಳುತ್ತಿದ್ದರು. ವಯಸ್ಸಾದ ಹೆಂಗಸೊಬ್ಬರು ಕೇಳಿದ್ದು ಇಷ್ಟೇ: "ನಾನು ಚರ್ಚಿಗೆ ನಡೆದು ಹೋಗುವ ದಾರಿ ಎಲ್ಲಿ?" ಹೀಗೆ ಬಂದ ಮಾತುಗಳನ್ನು ವರದಿಯಲ್ಲಿ ಸೇರಿಸಿ, ಅವಕ್ಕೆ ಉತ್ತರ ಬರೆದು ಪ್ರಕಟಿಸಬೇಕೆಂಬುದು ಆಗಿನ ನಿಯಮ. 1970ರಲ್ಲಿ ಜಾರಿಗೆ ಬಂದ ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯಿಂದ ಬೆಳೆದು ಬಂದ ಪದ್ಧತಿ ಇದು.

ಹಾಗೆಂದು ಇಲ್ಲಿ ನ್ಯಾಯ ತಾನಾಗಿ ಸಿಗುತ್ತದೆ ಎಂದಲ್ಲ. ಐ-45 ಯೋಜನೆಯ ವರದಿಯ ಪ್ರಕಾರ ಹೋಗುವುದು 1,079 ವಸತಿಗಳು, 344 ವ್ಯಾಪಾರ ಮಳಿಗೆಗಳು. ಹೊಡೆತ ಹೆಚ್ಚು ಬೀಳುವುದು ಕಪ್ಪು ಮತ್ತು ಲ್ಯಾಟಿನೋ ಬಡಾವಣೆಗಳಿಗೆ. ಆದರೆ ಆ ಸಂಖ್ಯೆ ಮುಚ್ಚಿಟ್ಟದ್ದಾಗಿರಲಿಲ್ಲ. ಅದನ್ನು ಹಿಡಿದೇ ಜನ ಕೇಳಿದರು. 2021ರ ಮಾರ್ಚ್‌ನಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಸರ್ಕಾರವೇ ರಾಜ್ಯದ ಸಾರಿಗೆ ಇಲಾಖೆಯ ಮೇಲೆ ಮೊಕದ್ದಮೆ ಹೂಡಿತು, ಕೇಂದ್ರವೂ ಕೆಲಸ ನಿಲ್ಲಿಸಲು ಹೇಳಿತು. 2023ರ ಮಾರ್ಚ್‌ನಲ್ಲಿ, ಒಂದಷ್ಟು ಷರತ್ತುಗಳ ಒಪ್ಪಂದವಾದ ಮೇಲಷ್ಟೇ ಯೋಜನೆ ಪೂರ್ತಿಯಾಗಿ ಮುಂದುವರಿಯಿತು. ಜನ ಕೇಳಿದ್ದೆಲ್ಲ ಸಿಗಲಿಲ್ಲ. ಆದರೂ ಉತ್ತರ ಕೊಡದೆ ಇಲಾಖೆಗೆ ಎರಡು ವರ್ಷ ಯೋಜನೆಯನ್ನು ಸಲೀಸಾಗಿ ಮುಂದೊಯ್ಯಲು ಆಗಲಿಲ್ಲವಲ್ಲ, ಅದು ಸಣ್ಣ ಮಾತಲ್ಲ.

ಈಗ ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಗೆ ಬನ್ನಿ. 118 ಕಿ.ಮೀ., ಸರ್ವಿಸ್ ರಸ್ತೆ ಸೇರಿ ಹತ್ತು ಲೇನ್, 2023ರ ಮಾರ್ಚ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ಹೋಗುವವರಿಗೆ ಸಮಯ ಉಳಿದಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಉಳಿದ ಸಮಯದಲ್ಲಿ ಒಂದು ಪಾಲು ಕೆಂಗೇರಿಯಲ್ಲೋ ಮೈಸೂರಿನ ಕೊಲಂಬಿಯಾ ಏಷಿಯಾ ಜಂಕ್ಷನ್‌ನಲ್ಲೋ ಕರಗುತ್ತದೆ. ನಡುವಿನ ಊರುಗಳ ಪಾಡು ಇನ್ನೊಂದು. ಮದ್ದೂರಿನ ಹತ್ತಿರ ನಮ್ಮ ಚಿಕ್ಕಪ್ಪನ ಮನೆ ರಸ್ತೆಯ ಈ ಕಡೆ, ಗದ್ದೆ ಆ ಕಡೆ. ನಡುವೆ ಬೇಲಿ. "ಮೊದ್ಲು ಎತ್ತು ಹೊಡ್ಕಂಡು ಸೀದಾ ದಾಟ್ಬುಡ್ತಿದ್ದೆ ಕಣಪ್ಪ. ಈಗ ಅಂಡರ್‌ಪಾಸ್ ಗಂಟ ಹೋಗಿ, ಅಷ್ಟೇ ದೂರ ವಾಪಸ್ ಬರ್ಬೇಕು. ಮಳೆ ಬಂದ್ರೆ ಅದ್ರೊಳ್ಗೂ ನೀರು" ಅಂತಾರೆ. ವೇಗದ ರಸ್ತೆಗೆ ಬೇಲಿ ಬೇಕು, ಒಪ್ಪುತ್ತೇನೆ. ಅಪಘಾತಗಳು ಹೆಚ್ಚಾಗಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ದೂರವಿಟ್ಟದ್ದೂ ಸರಿಯೇ. ಆದರೆ ಮಂಡ್ಯ ಸೀಮೆಯಲ್ಲಿ ಸ್ಥಳೀಯ ಸಂಚಾರ ಅಂದರೆ ಇವೇ ವಾಹನಗಳು ಮತ್ತು ಕಬ್ಬಿನ ಗಾಡಿ. ಅಷ್ಟನ್ನೂ ಕಿರಿದಾದ ಸರ್ವಿಸ್ ರಸ್ತೆಗೆ ತಳ್ಳುವುದಾದರೆ ಆ ರಸ್ತೆಯನ್ನೇ ಮೊದಲು ಯೋಚಿಸಿ ಕಟ್ಟಬೇಕಿತ್ತು.

ಚಿಕ್ಕಪ್ಪನ ಮಾತನ್ನು ಕೇಳುವವರು ಯಾರು? 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಜಮೀನು ಸ್ವಾಧೀನದ ಉದ್ದೇಶ ತಿಳಿಸುವ 3ಎ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆಗೆ 21 ದಿನ. ಅದೂ ಆ ಜಮೀನಿನಲ್ಲಿ ಹಕ್ಕುಳ್ಳವರಿಗೆ ಮಾತ್ರ. ಜಮೀನು ಹೋಗದೆ ದಾರಿ ಮಾತ್ರ ಹೋದವರು, ಆಚೆ ಬದಿಯ ಶಾಲೆಗೆ ನಡೆದು ಹೋಗುವ ಹುಡುಗಿ, ಬೈಪಾಸ್ ಬಂದು ಗಿರಾಕಿ ತಪ್ಪಿದ ಚನ್ನಪಟ್ಟಣದ ಬೊಂಬೆ ಅಂಗಡಿಯವರು, ಇವರಾರೂ ಆ ಲೆಕ್ಕದಲ್ಲಿಲ್ಲ. ಪರಿಸರ ಅನುಮತಿಯ ನಿಯಮವನ್ನು 2013ರಲ್ಲಿ ಸಡಿಲಿಸಿದ ಮೇಲೆ ಮೈಸೂರು ಹೆದ್ದಾರಿಗಿಂತ ಚಿಕ್ಕದಾದ, 100 ಕಿ.ಮೀ.ಗಿಂತ ಕಡಿಮೆ ಉದ್ದದ ರಾಷ್ಟ್ರೀಯ ಹೆದ್ದಾರಿ ಅಗಲೀಕರಣಕ್ಕೆ ಸಾಮಾನ್ಯವಾಗಿ ಆ ಅನುಮತಿಯೇ ಬೇಕಿಲ್ಲ. ಅನುಮತಿ ಇಲ್ಲವೆಂದರೆ ಅದರ ಜೊತೆ ಬರುವ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ನಮ್ಮಲ್ಲಿ ಗ್ರಾಮಸಭೆ ಇದೆ, ಕಾನೂನೇ ಕೊಟ್ಟದ್ದು. ಟೆಂಡರ್ ಕರೆಯುವ ಮೊದಲು ಹೆದ್ದಾರಿ ಹಾಯುವ ಪ್ರತಿ ಪಂಚಾಯಿತಿಯಲ್ಲೂ ಕನ್ನಡದಲ್ಲಿ ಬರೆದ ನಕ್ಷೆ ಹಾಸಿ. ಅಂಡರ್‌ಪಾಸ್ ಎಲ್ಲಿ, ಬಸ್ ನಿಲ್ಲುವುದೆಲ್ಲಿ, ಮಳೆನೀರು ಹೋಗುವುದೆಲ್ಲಿಗೆ ಎಂದು ತೋರಿಸಿ. ಹಾದುಹೋಗುವ ವಾಹನ ಎಷ್ಟು, ಊರವರ ಓಡಾಟ ಎಷ್ಟು ಎಂದು ಬೇರೆಬೇರೆ ಎಣಿಸಿ. ಜನ ಹೇಳಿದ್ದಕ್ಕೆ ಲಿಖಿತ ಉತ್ತರ ಕೊಡಿ, ಆಗದಿದ್ದರೆ ಯಾಕಾಗದು ಎಂದಾದರೂ ಬರೆಯಿರಿ.

ಇದರಿಂದ ಕೆಲಸ ತಡವಾಗುತ್ತದೆ ಎನ್ನುವವರಿದ್ದಾರೆ. ಮೈಸೂರು ಹೆದ್ದಾರಿಯಲ್ಲಿ ಉದ್ಘಾಟನೆಯಾದ ಮೇಲೆ ಸ್ಕೈವಾಕ್‌ಗೆ, ಎಂಟ್ರಿ-ಎಕ್ಸಿಟ್ ಸರಿಪಡಿಸುವುದಕ್ಕೆ ಮತ್ತೆ ಯೋಜನೆ ಹಾಕಬೇಕಾಯಿತು. ಎಲ್ಲಿ ದಾಟುತ್ತೇವೆ ಎಂದು ಮೊದಲ ದಿನವೇ ಕೇಳಿದ್ದರೆ ನಮ್ಮ ಚಿಕ್ಕಪ್ಪನೇ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು.