ಒನ್‌ಡ್ರೈವ್ ಇದ್ದರೆ ಕಂಪ್ಯೂಟರಿನ ಫೈಲ್ ಅಳಿಸಬಹುದಾ? ಒಂದು ಸ್ಪಷ್ಟನೆ

‘ಒನ್‌ಡ್ರೈವ್ ಆನ್ ಇದ್ದರೆ ಬೇರೆ ಬ್ಯಾಕಪ್ ಬೇಡ. ಕಂಪ್ಯೂಟರಿನಲ್ಲಿರುವ ಫೋಟೊ ಅಳಿಸಿ ಜಾಗ ಮಾಡಿಕೊಳ್ಳಿ, ಕ್ಲೌಡ್‌ನಲ್ಲಿ ಇದ್ದೇ ಇರುತ್ತೆ’ ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಒನ್‌ಡ್ರೈವ್ ಅಂದರೆ ಮೈಕ್ರೋಸಾಫ್ಟ್‌ನ ಕ್ಲೌಡ್, ಇಂಟರ್‌ನೆಟ್‌ನಲ್ಲಿ ಫೈಲ್ ಇಡುವ ಜಾಗ. ಅದು ಮಾಡುವುದು ಸಿಂಕ್, ಅಂದರೆ ಕಂಪ್ಯೂಟರ್ ಮತ್ತು ಕ್ಲೌಡ್ ಎರಡರಲ್ಲೂ ಫೈಲ್‌ಗಳನ್ನು ಒಂದೇ ರೀತಿ ಇಡುವುದು. ಅದರ ಫೋಲ್ಡರಿನಲ್ಲಿ ನೀವು ಅಳಿಸಿದ್ದು ಕ್ಲೌಡ್‌ನಲ್ಲೂ ಅಳಿಯುತ್ತದೆ, ಅದೇ ಖಾತೆ ಇರುವ ಇನ್ನೊಂದು ಲ್ಯಾಪ್‌ಟಾಪಿನಲ್ಲೂ. ಒಟ್ಟಿಗೆ ಜಾಸ್ತಿ ಫೈಲ್ ಅಳಿಸಿದರೆ ಒನ್‌ಡ್ರೈವೇ ಇದನ್ನು ತೆರೆಯ ಮೇಲೆ ಎಚ್ಚರಿಸುತ್ತದೆ. ನಾವು ಓದದೆ ‘ಓಕೆ’ ಒತ್ತುತ್ತೇವೆ, ಅಲ್ವಾ?

ಅಳಿಸಿದ್ದು ಒನ್‌ಡ್ರೈವ್ ವೆಬ್‌ಸೈಟಿನ ರೀಸೈಕಲ್ ಬಿನ್‌ಗೆ ಹೋಗುತ್ತದೆ. ಮೈಕ್ರೋಸಾಫ್ಟ್ ಸಹಾಯ ಪುಟದ ಪ್ರಕಾರ, ವೈಯಕ್ತಿಕ ಖಾತೆಯಲ್ಲಿ 30 ದಿನದ ನಂತರ ಅದು ತಾನಾಗಿಯೇ ಖಾಲಿ. ಈಗಾಗಲೇ ಅಳಿಸಿದ್ದರೆ ಇವತ್ತೇ ಅಲ್ಲಿ ನೋಡಿ.

ಜಾಗ ಬೇಕಿದ್ದರೆ ಡಿಲೀಟ್ ಬೇಡ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಫ್ರೀ ಅಪ್ ಸ್ಪೇಸ್’ ಆರಿಸಿ. ಫೈಲ್ ಕ್ಲೌಡ್‌ನಲ್ಲಿ ಉಳಿಯುತ್ತದೆ, ಪಕ್ಕದಲ್ಲಿ ಮೋಡದ ಗುರುತು ಬರುತ್ತದೆ. ಅದಕ್ಕೂ ಮೊದಲು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಒಂದು ಪ್ರತಿ ಹಾಕಿ, ಕೇಬಲ್ ಕಿತ್ತಿಡಿ. ಸುಮ್ನೆ ಚುಚ್ಚಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್) ಅದನ್ನೂ ಬಿಡುವುದಿಲ್ಲ.

ದಯವಿಟ್ಟು ಆ ಮೆಸೇಜನ್ನು ಮುಂದೆ ಕಳಿಸಬೇಡಿ. ಬಂದ ಗ್ರೂಪಿನಲ್ಲಿ ಇದನ್ನು ಹಾಕಿ.