ಮೊದಲು ಹೇಗಿತ್ತು ಎಂದು ಕೇಳುವವರು

ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಬಿಲ್ಲೆಯೊಂದು ನನ್ನ ಮೇಜಿನ ಮೇಲಿದೆ. ಸೋದರಮಾವನ 1966ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನಲ್ಲಿ, ಪೆಟ್ರೋಲು ನಿಲ್ಲುವ ಫ್ಲೋಟ್ ಬಟ್ಟಲಿನ ಮುಚ್ಚಳದ ಸ್ಕ್ರೂ ಕೆಳಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕುಳಿತಿದ್ದ ಬಿಲ್ಲೆ ಇದು. ಇದರ ಮೇಲೆ ಎಯುಡಿ ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಒತ್ತಿದ್ದವು. ಆ ಸಂಖ್ಯೆ ಹಿಡಿದು ಹೋದರೆ ಕಾರ್ಬುರೇಟರು ಯಾವ ಕಾರಿಗಾಗಿ ತಯಾರಾಯಿತು, ಒಳಗೆ ಯಾವ ಸೂಜಿ, ಯಾವ ಸ್ಪ್ರಿಂಗ್ ಇರಬೇಕು ಎಂಬುದೆಲ್ಲ ತಿಳಿಯುತ್ತದೆ. ಕಳೆದ ದಸರೆಗೆ ಬೆಂಗಳೂರಿಗೆ ಬಂದಿದ್ದಾಗ ಬಾನೆಟ್ಟಿನ ಕೆಳಗಿನ ಬಿಡಿಭಾಗಗಳನ್ನೆಲ್ಲ ಬಿಚ್ಚಿ ಪೀಣ್ಯದ ಒಂದು ಪ್ಲೇಟಿಂಗ್ ಅಂಗಡಿಗೆ ಕೊಟ್ಟೆ. ನಾಲ್ಕನೆಯ ದಿನ ಬಿಲ್ಲೆ ಕನ್ನಡಿಯಂತೆ ಮಿನುಗುತ್ತ ಹಿಂದಿರುಗಿತು. ಬೆರಳಿನಿಂದ ಸವರಿ ನೋಡಿದರೂ ಅಕ್ಷರದ ಸುಳಿವಿರಲಿಲ್ಲ. "ಹೊಸದಕ್ಕಿಂತ ಚೆನ್ನಾಗಿ ಬಂದಿದೆ ನೋಡಿ ಸಾರ್" ಎಂದು ಅಂಗಡಿಯವರು ನಿಜವಾದ ಹೆಮ್ಮೆಯಿಂದಲೇ ಹೇಳಿದರು. ನನಗೆ ಮಾತು ಹೊರಡಲಿಲ್ಲ.

ನಾನು ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿ 18 ವರ್ಷಗಳಾದವು. ಈ ಕಾರಿನಲ್ಲಿರುವ ಎಸ್‌ಯು ಕಂಪನಿಯ ಕಾರ್ಬುರೇಟರುಗಳು ತಯಾರಾಗುತ್ತಿದ್ದ ಊರು ಅದು. ಅಲ್ಲಿನ ಗೆಳೆಯನೊಬ್ಬನಿಗೂ ಇಂಥದ್ದೇ ಕಾರಿದ್ದು, ಅವನ ಜೊತೆ ಒಂದು ಸಣ್ಣ ಪ್ಲೇಟಿಂಗ್ ಅಂಗಡಿಗೆ ಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅಲ್ಲಿನ ಮುದುಕ ನಮ್ಮ ನಟ್ಟು ಬೋಲ್ಟುಗಳನ್ನು ತಟ್ಟೆಯಲ್ಲಿ ಹರಡಿಕೊಂಡು, ಒಂದೊಂದನ್ನೂ ಎತ್ತಿ, ಇದು ಎಲ್ಲಿಯದು, ಇದರ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ವಿಚಾರಿಸಿದ. ಹೆಚ್ಚು ಗಟ್ಟಿಯ ಉಕ್ಕಿನ ಬೋಲ್ಟುಗಳನ್ನು ಬೇರೆ ಡಬ್ಬಿಗೆ ಹಾಕಿದ. ಆಮ್ಲದಲ್ಲಿ ತೊಳೆದು ಸತುವಿನ ಲೇಪ ಕೊಡುವಾಗ ಉಕ್ಕಿನೊಳಕ್ಕೆ ಹೈಡ್ರೋಜನ್ ಇಳಿಯುತ್ತದೆ, ತಡಮಾಡದೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿ ಅದನ್ನು ಹೊರಗಟ್ಟದಿದ್ದರೆ ಅಂಥ ಬೋಲ್ಟು ಮುಂದೊಂದು ದಿನ ಯಾವ ಸೂಚನೆಯನ್ನೂ ಕೊಡದೆ ಪಟ್ಟನೆ ಮುರಿಯಬಹುದು ಎಂದು ವಿವರಿಸಿದ. ಆಮೇಲೆ ತುಕ್ಕು ಹಿಡಿದ ಬ್ರ್ಯಾಕೆಟ್ಟೊಂದಕ್ಕೆ ಅಂಟಿಕೊಂಡಿದ್ದ ವಾಷರನ್ನು ಮೆಲ್ಲಗೆ ಎಬ್ಬಿಸಿ, ಅದರಡಿಯಲ್ಲಿ ಗಾಳಿ ನೀರು ಸೋಕದೆ ಉಳಿದಿದ್ದ ಮೂಲ ಲೇಪದ ಮಂಕು ಹಳದಿಯ ಉಂಗುರವನ್ನು ತೋರಿಸಿ, "ಇದು ಮೊದಲು ಹೀಗಿತ್ತು, ಹೀಗೇ ಇರಲಿ ತಾನೆ?" ಎಂದು ಕೇಳಿದ.

ಅದೊಂದು ಪ್ರಶ್ನೆಯನ್ನು ನಮ್ಮೂರಿನಲ್ಲಿ ಯಾರೂ ಕೇಳಲಿಲ್ಲ ಎಂಬುದೇ ನನ್ನ ನೋವು. ಈ ಕಾರಿನ ಎರಡು ಕಾರ್ಬುರೇಟರುಗಳ ನೆತ್ತಿಯ ಡ್ಯಾಶ್‌ಪಾಟುಗಳು, ಎಂದರೆ ಒಳಗೆ ಪಿಸ್ಟನ್ನು ಏರಿಳಿಯುವ ಲೋಹದ ಗುಮ್ಮಟಗಳು, ಕಾರ್ಖಾನೆಯಿಂದ ಬಂದಾಗ ಕನ್ನಡಿಯಂತಿರಲಿಲ್ಲ, ಲೇತಿನಲ್ಲಿ ಕಡೆದ ಮಂದ ಹೊಳಪು ಮಾತ್ರ ಅವುಗಳಿಗಿತ್ತು. ಈಗ ಅವುಗಳಲ್ಲಿ ಮುಖ ನೋಡಿಕೊಳ್ಳಬಹುದು. ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರ ಹೊರಮೈಯಲ್ಲೇ ನಿಂತದ್ದು ನಮ್ಮ ಪುಣ್ಯ. ಪ್ರತಿ ಡ್ಯಾಶ್‌ಪಾಟಿಗೂ ಅದರದೇ ಪಿಸ್ಟನ್ನು ಜೋಡಿಯಾಗಿರುವುದರಿಂದ ಒಳಮೈ ಒಂದಿಷ್ಟು ಸವೆದಿದ್ದರೂ ಆ ಜೋಡಿಯೇ ಕೆಡುತ್ತಿತ್ತು.

ಹೊಳಪಿನಿಂದ ಆದ ಕೇಡು ನೋಟಕ್ಕಷ್ಟೇ ಸೀಮಿತವಾಗಲೂ ಇಲ್ಲ. ಎಂಜಿನ್ನನ್ನು ಹೊರುವ ಬ್ರ್ಯಾಕೆಟ್ಟುಗಳಿಗೆ ಕಪ್ಪು ಪೌಡರ್ ಕೋಟಿಂಗ್ ಮಾಡುವಾಗ ಒಂದಂಗುಲವನ್ನೂ ಬಿಡದೆ ಬಳಿದಿದ್ದರು. ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಆದ್ದರಿಂದ ಅದಕ್ಕೂ ಬಾಡಿಗೂ ನಡುವಿನ ವಿದ್ಯುತ್ತಿನ ದಾರಿಯೆಂದರೆ ಆ ಬ್ರ್ಯಾಕೆಟ್ಟಿಗೆ ಕಚ್ಚಿಸಿದ ಅರ್ಥಿಂಗ್ ಪಟ್ಟಿಯೊಂದೇ. ಆಯುಧಪೂಜೆಯ ಬೆಳಿಗ್ಗೆ, ಬೂದುಗುಂಬಳ ನಿಂಬೆಹಣ್ಣುಗಳೆಲ್ಲ ಸಿದ್ಧವಾದ ಮೇಲೆ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಒಮ್ಮೆ ನರಳಿ ಸುಮ್ಮನಾಯಿತು, ಡ್ಯಾಶ್‌ಬೋರ್ಡಿನ ಬಳಿ ಸುಟ್ಟ ವಾಸನೆ ಬಂತು. ಕರೆಂಟು ಹರಿಯಗೊಡದ ಆ ಲೇಪ ಪಟ್ಟಿಯ ದಾರಿಯನ್ನು ಮುಚ್ಚಿದ್ದರಿಂದ ಸ್ಟಾರ್ಟರಿನ ಭಾರೀ ಕರೆಂಟು ತೆಳ್ಳನೆಯ ಚೋಕ್ ಕೇಬಲಿನ ಮೂಲಕ ಹರಿದು, ಅದು ಕೈಯಿಡಲಾಗದಷ್ಟು ಕಾದಿತ್ತು. ಬ್ರ್ಯಾಕೆಟ್ಟಿನ ಮೇಲೆ ರೂಪಾಯಿ ನಾಣ್ಯದಷ್ಟು ಜಾಗವನ್ನು ಕೆರೆದು ಬರಿಯ ಲೋಹ ಕಾಣಿಸಿದ ಕೂಡಲೇ ಎಂಜಿನ್ ತಿರುಗಿತು. ಆದರೆ ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಅಮ್ಮ ಮಂಗಳಾರತಿ ತಟ್ಟೆ ಹಿಡಿದು ಎರಡು ಸಲ ಬಂದು ಹೋಗಿದ್ದಳು.

ಈ ಹೊಳಪಿನ ಆಸೆ ಎಲ್ಲಿಂದ ಬಂತು ಎಂಬುದೂ ನನಗೆ ಗೊತ್ತು. ಹುಣಿಸೆಹಣ್ಣು ಹಚ್ಚಿ ತಿಕ್ಕಿದ ದೀಪದ ಕಂಬಗಳ ನಡುವೆಯೇ ನಾನೂ ಬೆಳೆದವನು. ಹಬ್ಬದ ಮುನ್ನಾದಿನ ಹಿತ್ತಿಲಿನಿಂದ ಬರುತ್ತಿದ್ದ ಆ ಹುಳಿ ವಾಸನೆ ನೆನಪಾದರೆ ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ ಗಂಟಲು ಕಟ್ಟುತ್ತದೆ. ಆದರೆ ದೀಪದ ಕಂಬಕ್ಕೆ ಒಪ್ಪುವುದು ಕಾರ್ಬುರೇಟರಿಗೆ ಒಪ್ಪುವುದಿಲ್ಲ. ಎಚ್‌ಎಎಲ್, ಎಚ್‌ಎಂಟಿಗಳನ್ನು ಕಟ್ಟಿದ ಊರಿನಲ್ಲಿ ಇದನ್ನು ಹೇಳಬೇಕಾಗಿ ಬಂದದ್ದಕ್ಕೆ ನನಗೆ ಬೇಸರವಿದೆ.

ಇಷ್ಟು ಬರೆದ ಮೇಲೆ ರಾಜಾಜಿನಗರದ ಲೇತ್ ಮೇಸ್ತ್ರಿಯ ಮಾತನ್ನು ಬಿಟ್ಟರೆ ತಪ್ಪಾಗುತ್ತದೆ. ಕಾರ್ಬುರೇಟರಿನ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ಸ್ಪಿಂಡಲ್ ತಿರುಗುವ ರಂಧ್ರಗಳು ಸವೆದು, ಅಲ್ಲಿಂದ ಗಾಳಿ ಎಳೆದು, ಎಂಜಿನ್ ಐಡಲಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಕೇಳಿದ ಕಡೆಯೆಲ್ಲ ಕಾರ್ಬುರೇಟರಿನ ಇಡೀ ಬಾಡಿಯನ್ನೇ ಬದಲಾಯಿಸಿ ಎಂಬ ಉತ್ತರವೇ ಬಂದಿತ್ತು. ಮೇಸ್ತ್ರಿ ಸ್ಪಿಂಡಲನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಸವೆಯದ ತುದಿಯನ್ನು ಮೈಕ್ರೋಮೀಟರಿನಲ್ಲಿ ಅಳೆದು, 5/16 ಅಂಗುಲ ಎಂದು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಂಡರು. ಮರುದಿನ ಸಂಜೆಗೆ ಸವೆದ ರಂಧ್ರಗಳಲ್ಲಿ ಕಂಚಿನ ನಾಲ್ಕು ಬುಷ್‌ಗಳು ಕುಳಿತಿದ್ದವು, ಸ್ಪಿಂಡಲ್ ಬೆಣ್ಣೆಯಂತೆ ತಿರುಗುತ್ತಿತ್ತು. ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದ ಹಳೆಯ ಅಂಬಾಸಡರಿನ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಒಂದೇ ಬಿ-ಸೀರೀಸ್ ಮನೆತನದವು. ಹಾಗಾಗಿ ಅವರು ಈ ಎಂಜಿನ್ನಿನ ಎದುರು ಒಮ್ಮೆಯೂ ತಡವರಿಸಲಿಲ್ಲ.

ಪ್ಲೇಟಿಂಗ್ ಅಂಗಡಿಗೆ ನಾನು ಸಾಮಾನನ್ನು ಗೋಣಿಚೀಲದಲ್ಲಿ ತುಂಬಿ ಕೊಟ್ಟೆನೇ ಹೊರತು ಏನು ಬೇಕು, ಏನು ಬೇಡ ಎಂದು ಒಂದು ಸಾಲನ್ನೂ ಬರೆದಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಡಿಸೆಂಬರಿನಲ್ಲಿ ಮತ್ತೆ ಬರುತ್ತಿದ್ದೇನೆ, ಹೀಟರಿನ ಭಾಗಗಳೂ ಬಾನೆಟ್ಟಿನ ಕೊಂಡಿಗಳೂ ಇನ್ನೂ ಬಾಕಿ ಇವೆ. ಈ ಸಲ ಒಂದೊಂದಕ್ಕೂ ತಂತಿಯಲ್ಲಿ ಚೀಟಿ ಕಟ್ಟಿ, ವಾಷರಿನ ಅಡಿಯ ಬಣ್ಣವನ್ನು ತೋರಿಸಿ, ಅದೇ ಅಂಗಡಿಗೇ ಕೊಡುತ್ತೇನೆ.