ವಿಧಾನಸೌಧದ ಗೋಡೆಯ ಮೇಲೆ ಗೌಂಡಿಗಳ ಹೆಸರು ಬೇಕಾ?

ಪರ

ನಮ್ಮ ಹುಬ್ಬಳ್ಳಿ ಕಡೆ ಮನೆ ಕಟ್ಟಿಸಿದವರು ವಾಸ್ತುಶಾಂತಿ ದಿನ ಗೌಂಡಿಯನ್ನು ಕರೆದು ಆಯೇರಿ ಮಾಡುತ್ತಾರೆ. ನಮ್ಮಜ್ಜ ಗೌಂಡಿ. ಅವರಿಗೆ ಬಂದ ಧೋತರ, ರುಮಾಲುಗಳನ್ನು ಅಜ್ಜಿ ಟ್ರಂಕಿನಲ್ಲಿ ಮಡಚಿಟ್ಟಿದ್ದಳು, ಯಾವುದು ಯಾರ ಮನೆದು ಅಂತ ಒಂದೊಂದನ್ನೂ ತೋರಿಸಿ ಹೇಳುತ್ತಿದ್ದಳು. ಎರಡು ಖೋಲಿ ಕಟ್ಟಿದವರಿಗೇ ಇಷ್ಟು ಮರ್ಯಾದೆ. ವಿಧಾನಸೌಧ ಕಟ್ಟಿದವರಿಗೆ?

1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದು ಗೊತ್ತು, ಕೆಂಗಲ್ ಹನುಮಂತಯ್ಯನವರ ಛಲವೂ ಗೊತ್ತು. ಆಗ ಹುಬ್ಬಳ್ಳಿ ಇನ್ನೂ ಮುಂಬೈ ರಾಜ್ಯದಲ್ಲಿತ್ತು, 1956ರ ನವೆಂಬರ್ 1ಕ್ಕೆ ನಾವೂ ಆ ಕಟ್ಟಡದ ಪಾಲುದಾರರಾದೆವು. ಆದರೆ ಕಲ್ಲು ಹೊತ್ತ ಸುಮಾರು 5,000 ಕೂಲಿಗಳು, ಕೆತ್ತಿದ, ಕಟ್ಟಿದ ಸುಮಾರು 1,500 ಕಲ್ಲುಕುಟಿಗರು, ಗೌಂಡಿಗಳು, ಬಡಿಗರು ಯಾರು? ಕೂಲಿಗಳಲ್ಲಿ ಜೈಲಿನ ಕೈದಿಗಳೂ ಇದ್ದರು. ಪಟ್ಟದಕಲ್ಲಿಗೆ ಹೋಗಿ ನೋಡಿ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ 8ನೇ ಶತಮಾನದ ಶಾಸನದಲ್ಲೇ ಶಿಲ್ಪಿ ಗುಂಡನ ಹೆಸರಿದೆ. ರಾಣಿ ಮಾಡಿದ್ದನ್ನು ನಾವು ಆರಿಸಿ ಕಳಿಸಿದವರು ಮಾಡಲಿ. ಹಳೇ ಹಾಜರಿ ಪುಸ್ತಕ ಹುಡುಕಿಸಲಿ, ಸಿಕ್ಕಷ್ಟು ಹೆಸರು ಕೆತ್ತಿಸಲಿ.

ವಿರೋಧ

ಗುಂಡ ಮುಖ್ಯ ಶಿಲ್ಪಿ, ಅಲ್ವಾ? ಹೆಸರು ಉಳಿಯುವುದು ಮೇಸ್ತ್ರಿಗಳದ್ದೇ ಜಾಸ್ತಿ. ಇನ್ನು ಕೈದಿಗಳು. ತನ್ನಜ್ಜ ಜೈಲಿನಲ್ಲಿದ್ದ ಅಂತ ಕೈದಿಯೊಬ್ಬನ ಮೊಮ್ಮಗಳಿಗೆ ಗೋಡೆ ನೋಡಿ ಗೊತ್ತಾಗಬೇಕಾ? ಮನೆಯವರನ್ನು ಕೇಳದೆ ಆ ಹೆಸರು ಕೆತ್ತುವ ಹಕ್ಕು ಯಾರಿಗೂ ಇಲ್ಲ.

ಆದರೆ ನನ್ನ ಸಿಟ್ಟು ಬೇರೆಯದೇ. ನಮ್ಮವ್ವ ಧಾರವಾಡದ ಒಂದು ಹಳೇ ಸರಕಾರಿ ಕಚೇರಿಯಲ್ಲಿ ಹನ್ನೊಂದು ವರ್ಷ ಗುತ್ತಿಗೆ ಮೇಲೆ ಕಸ ಹೊಡೆದಳು. ಬೆಳಿಗ್ಗೆ ಆರಕ್ಕೆ ಹೋಗಿ ಸಾಹೇಬರ ಟೇಬಲ್ ಒರೆಸಿ, ಕಲ್ಲಿನ ಮೆಟ್ಟಿಲ ಮೇಲೆ ಯಾರೋ ಉಗುಳಿದ ಎಲೆ-ಅಡಿಕೆ ಕಲೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಬೆರಳ ತುದಿ ಒಡೆದುಹೋಗಿದ್ದವು. ಗುತ್ತಿಗೆದಾರ ಬದಲಾದಾಗಲೆಲ್ಲ ಎರಡು ತಿಂಗಳ ಪಗಾರ ನಿಲ್ಲುತ್ತಿತ್ತು. ವಿಧಾನಸೌಧವಿರಲಿ, ತಾಲೂಕು ಕಚೇರಿಯಿರಲಿ, ಇವತ್ತು ಅಲ್ಲಿ ಕಸ ಹೊಡೆಯುವವರ, ಕಾವಲು ಕಾಯುವವರ ಪಗಾರ ಸರಿಯಾದ ತಾರೀಖಿಗೆ ಆಗಲಿ, ಪಿಎಫ್ ತುಂಬಲಿ. ಅಲ್ಲಿಯವರೆಗೆ ನನಗಂತೂ ಈ ಫಲಕ ಬೇಡ.

ಒಂದು ಸಲ ಆ ಕಚೇರಿಯ ಸಮಾರಂಭದಲ್ಲಿ ಅವ್ವನ ಹೆಸರನ್ನು ಮೈಕಿನಲ್ಲಿ ಕರೆದು ಶಾಲು ಹೊದಿಸಿದರು. ಆ ತಿಂಗಳೂ ಪಗಾರ ಆಗಿರಲಿಲ್ಲ. ಶಾಲು ಹೊದ್ದುಕೊಂಡೇ ಕಿರಾಣಿ ಅಂಗಡಿಗೆ ಹೋಗಿ, ಎರಡು ಕಿಲೋ ಜೋಳ ಉದ್ರಿ ಬರೆಸಿ ಬಂದಳು.